ಗುಲಾಬಿ ಬೆಳಕಿನ ಕಿಟಕಿ

ಅಕ್ವೇರಿಯಂ ಅಂಗಡಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಒಮ್ಮೊಮ್ಮೆ ಪುಣೆಯ ಬಿಬವೇವಾಡಿಯ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ. ಗಿಡ ನೆಟ್ಟ ಟ್ಯಾಂಕಿಗೆ ಯಾವ ಲೈಟು ಒಳ್ಳೆಯದು? ಒಂದು ಕಂಪನಿಯ ಹೆಸರು ಹೇಳಿಬಿಟ್ಟರೆ ಎದ್ದು ಹೋಗಲು ತಯಾರಾಗಿಯೇ ಬಂದಿರುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಟ್ಯಾಂಕು ಎಷ್ಟು ಆಳ, ಒಳಗೆ ಯಾವ ಗಿಡ, ಮನೆಯವರು ದಿನಕ್ಕೆ ಎಷ್ಟು ತಾಸು ಲೈಟು ಹಚ್ಚುತ್ತಾರೆ ಎಂದು ತಿರುಗಿ ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಅವರು ಗಿರಾಕಿ ಹೇಳಿದ ಉತ್ತರವನ್ನೇ ಹೇಳುತ್ತಾರೆ. ನನ್ನ ಪಾಠ ಶುರುವಾಗುವುದು ಅಲ್ಲಿಂದ. ಗಿರಾಕಿ ಹೇಳುವ ತಾಸನ್ನು ನಂಬಬೇಡಿ. ಆರೇಳು ತಾಸು ಎಂದವರ ಮನೆಯಲ್ಲಿ, ಬೆಳಿಗ್ಗೆ ಪೂಜೆಗೆ ಎದ್ದವರು ಹಚ್ಚಿದ ಲೈಟು ಟಿವಿ ಆರಿಸುವ ತನಕ ಉರಿಯುತ್ತಿರುತ್ತದೆ. ಗಾಜಿಗೆ ಹಸಿರು ಪಾಚಿ ಹತ್ತಿದಾಗ ಲೈಟು ಸರಿಯಿಲ್ಲ ಎಂದು ಅಂಗಡಿಗೆ ಬಂದು ಜಗಳ ತೆಗೆಯುತ್ತಾರೆ.

ಲೈಟಿನ ಡಬ್ಬಿಯ ಮೇಲೆ ಅಚ್ಚಾದದ್ದನ್ನೂ ನಂಬಬೇಡಿ. ಅಂಗಡಿಯಲ್ಲಿ ಗಿಡ ಕಾಣುವ ಬಣ್ಣವನ್ನಂತೂ ನಂಬಲೇಬೇಡಿ. ಈ ಕೆಲಸ ನನಗೆ ಕಲಿಸಿದ್ದು ಮೀನಿನ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಸಂಶಯವನ್ನು. ನನ್ನ ಹೆಂಡತಿ ಶಕುಂತಲಾ ಸಂಜೆ ಕೈಗಾಡಿಯವನಿಂದ ಟೊಮ್ಯಾಟೊ ತಂದರೆ ನಾನು ಮರುದಿನ ಅವನ್ನು ಬಿಸಿಲಿಗೆ ಹಿಡಿದು ನೋಡುತ್ತೇನೆ. "ತಿನ್ನೂದಕ್ಕ ತಂದೀನ್ರಿ, ಸಾಕೂದಕ್ಕಲ್ಲ" ಎನ್ನುತ್ತಾಳೆ ಅವಳು.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಪುಣೆಯ ಧಾನ್ಯದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ನನಗೆ ಲೆಕ್ಕಪತ್ರ ಹತ್ತಲಿಲ್ಲ, ಕರೆಂಟಿನ ಕೆಲಸ ಹತ್ತಿತು. ಬಿಬವೇವಾಡಿಯ ಒಂದು ಅಕ್ವೇರಿಯಂ ಅಂಗಡಿಗೆ ಟ್ಯೂಬ್‌ಲೈಟ್ ಜೋಡಿಸಲು ಹೋದವನು ಅಲ್ಲೇ ಉಳಿದುಬಿಟ್ಟೆ. ಮಾಲಕರ ಹೆಸರು ವಿನಾಯಕರಾವ್. ನಾವೆಲ್ಲ ಅವರನ್ನು ಶೇಟ್ ಎನ್ನುತ್ತಿದ್ದೆವು. ಅವರು ನನ್ನನ್ನು ಚನ್ನಪ್ಪ ಎನ್ನುತ್ತಿದ್ದರು. ನನ್ನ ಪೂರ್ತಿ ಹೆಸರು ಚನ್ನಬಸಪ್ಪ ಎಂದು ಅವರಿಗೆ ಎಷ್ಟು ಸಲ ಹೇಳಿದರೂ ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಅವರೊಡನೆ, ಇಲ್ಲಿಯ ಬೇರೆ ಜನರೊಡನೆ ನಡೆದ ಮಾತೆಲ್ಲ ಮರಾಠಿಯಲ್ಲಿ. ಇಲ್ಲಿ ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನೀರಿನ ಗಿಡದ ವಿದ್ಯೆ ನನಗೆ ಹೇಳಿಕೊಟ್ಟವರು ಶೇಟ್‌ರೇ. "ಮ್ಯಾಲಿನ ಎಲಿ ನೋಡಬ್ಯಾಡ ಚನ್ನಪ್ಪ, ಅದು ಎಲ್ಲಾರಿಗೂ ಛಂದನ ಕಾಣ್ತದ. ಕೆಳಗಿನ ಎಲಿ ನೋಡು. ಬೆಳಕು ಕಡಿಮಿ ಬಿದ್ದದ್ದು ಅಲ್ಲಿ ಗೊತ್ತಾಗ್ತದ" ಎನ್ನುತ್ತಿದ್ದರು. ಟ್ಯೂಬ್‌ಲೈಟಿನ ಕಾಲದಲ್ಲಿ ವ್ಯಾಟ್ ನೋಡಿ ಅಂದಾಜು ಕಟ್ಟುತ್ತಿದ್ದೆವು. ಎಲ್‌ಇಡಿ ಬಂದ ಮೇಲೆ ಆ ಅಂದಾಜು ಕೆಟ್ಟಿತು. ಒಂದೇ ವ್ಯಾಟಿನ ಎರಡು ಲೈಟುಗಳಲ್ಲಿ ಒಂದರ ಬೆಳಕು ತಳದ ಮರಳಿನ ತನಕ ಇಳಿಯುತ್ತದೆ, ಇನ್ನೊಂದರದು ಮೇಲಿನ ನೀರಿನಲ್ಲೇ ಸುಸ್ತಾಗುತ್ತದೆ. ಹೊಸ ಲೈಟು ಬಂದಾಗ ಅದನ್ನು ಮಾರುವ ಮೊದಲು ಅದರ ಕೆಳಗೆ ಬೇಗ ಬೆಳೆಯುವ ಒಂದು ಗಿಡ ನೆಟ್ಟು ಕೆಲವು ದಿನ ಕಾಯುತ್ತಿದ್ದೆವು. ಎಲೆಗಳ ನಡುವೆ ಕಾಂಡ ಉದ್ದುದ್ದ ಎಳೆದುಕೊಂಡರೆ ಆ ಲೈಟು ಬೆಳಕಿಗಾಗಿ ಗಿಡವನ್ನು ಒದ್ದಾಡಿಸುತ್ತಿದೆ ಎಂದರ್ಥ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಶೇಟ್ ಅಂಥದ್ದನ್ನು ವಾಪಸು ಕಳಿಸುತ್ತಿದ್ದರು. ಅವರ ಬಗ್ಗೆ ಮುಂದೆ ಬೇರೆ ಮಾತು ಬರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ. ಶಕುಂತಲೆಗೆ ಹೊಟ್ಟೆಯ ಆಪರೇಷನ್ ಆದಾಗ ಅಂಗಡಿಗೆ ಬೀಗ ಹಾಕಿ ದಿನವಿಡೀ ದವಾಖಾನೆಯಲ್ಲಿ ನನ್ನ ಪಕ್ಕ ಕೂತವರೂ ಅವರೇ.

ಬಣ್ಣದ ಮೋಸ ನಮಗೆ ಚೆನ್ನಾಗಿ ಅರ್ಥವಾದದ್ದು ಒಂದು ಸೀರೆ ಅಂಗಡಿಯಲ್ಲಿ. ಅಲ್ಲಿನ ಮಾಲಕರು ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಯುದ್ದಕ್ಕೂ ಗಿಡದ ಟ್ಯಾಂಕು ಕಟ್ಟಿಸಿಕೊಂಡರು. ಗಿಡಗಳು ಇನ್ನೂ ಚಿಗುರಿರಲಿಲ್ಲ, ಉದ್ಘಾಟನೆ ಹತ್ತಿರ ಬಂದಿತ್ತು. ಶೇಟ್ ಕೆಂಪು ಹೆಚ್ಚಿರುವ ಒಂದು ಲೈಟು ಹಾಕಿಸಿದರು. ಸಪ್ಪೆ ಗಿಡಗಳೆಲ್ಲ ಒಮ್ಮೆಗೇ ತುಂಬಿ ಬಂದಂತೆ ಕಂಡವು. ಕೆಲವೇ ದಿನಗಳಲ್ಲಿ ಹೆಂಗಸರು ಸೀರೆ ವಾಪಸು ತರತೊಡಗಿದರು. ಅಂಗಡಿಯಲ್ಲಿ ದಾಳಿಂಬೆ ಬಣ್ಣ ಎಂದು ಕೊಂಡದ್ದು ಮನೆಗೆ ಹೋದರೆ ಇಟ್ಟಿಗೆ ಬಣ್ಣ. ಅವರ ಪ್ರಕಾರ ಅಂಗಡಿಯವರು ಸೀರೆ ಬದಲಾಯಿಸಿ ಕಟ್ಟಿಕೊಟ್ಟಿದ್ದರು. ನಾನು ಹೋಗಿ ಟ್ಯಾಂಕಿನ ಲೈಟು ಬಿಚ್ಚಿ ಬಿಳಿ ಲೈಟು ಹಾಕಿದೆ. ಸೀರೆಗಳು ಸರಿಯಾದವು, ಗಿಡಗಳು ಸಪ್ಪಗಾದವು. ಶೇಟ್ ಬಹಳ ದಿನ ಇದನ್ನು ಹೇಳಿಕೊಂಡು ನಗುತ್ತಿದ್ದರು. ಅಂದಿನಿಂದ ಗಿಡದ ಬಣ್ಣ ನೋಡಬೇಕಾದರೆ ನಾನು ಅದನ್ನು ಅಂಗಡಿಯ ಹೊರಗೆ ತಂದು ನೋಡುವುದು ರೂಢಿ ಮಾಡಿಕೊಂಡೆ.

ಈಗ ಸುಮಿತ್ರಾಬಾಯಿಯ ವಿಷಯ. ನಾನು ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲಿನ ಮಾತು. ಒಂದು ಮಧ್ಯಾಹ್ನ ನಲವತ್ತು ದಾಟಿದ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ಮರಾಠಿಯಲ್ಲಿ ಶುರುಮಾಡಿ, ನನ್ನ ಉಚ್ಚಾರ ಕೇಳಿ ಕನ್ನಡಕ್ಕೆ ಹೊರಳಿದಳು. ಕಲಬುರಗಿ ಕಡೆಯವಳು, ಕೋಥರೂಡದಲ್ಲಿ ಬಾಡಿಗೆ ಮನೆ.

"ಗಿಡಾ ಬೆಳೆಸೂ ಲೈಟ್ ಬೇಕ್ರಿ ಅಣ್ಣಾರ. ಕೆಂಪು ನೀಲಿ ಕೂಡಿ ಇರ್ತಾವಲ್ಲ, ಅವು."

"ಟ್ಯಾಂಕಿನ್ಯಾಗ ಮೀನು ಯಾವು ಅದಾವ್ರಿ?"

"ಮೀನಿಲ್ರಿ."

"ಟ್ಯಾಂಕ್ ಎಷ್ಟು ಆಳ ಅದ?"

"ಟ್ಯಾಂಕ್ ಒಂದ ಅದ. ಉಳದದ್ದು ಟ್ರೇ."

"ಟ್ರೇದಾಗ ಏನ್ ಬೆಳೀತೀರಿ?"

ಆಕೆ ನನ್ನ ಮುಖ ನೋಡಿ, "ಗಿಡ" ಎಂದಳು.

ಗುಲಾಬಿ ಬೆಳಕಿನಲ್ಲಿ ಗಿಡ ಬೆಳೆಯುತ್ತದೆ, ಆದರೆ ಅದರ ಖರೆ ಬಣ್ಣ ಕಾಣುವುದಿಲ್ಲ ಎಂದು ನಾನು ಹೇಳಿದೆ. ಹಸಿರು ಎಲೆ ಕಪ್ಪಾಗಿ ಕಾಣುತ್ತದೆ, ಕೆಂಪಲ್ಲದ್ದು ಕೆಂಪಾಗಿ ಕಾಣುತ್ತದೆ. ಬಿಳಿ ಲೈಟು ತಗೊಳ್ಳಿ ಎಂದೆ. "ಬಣ್ಣಾ ನೋಡಾಕ ಬ್ಯಾರೆ ಕಡೆ ನೋಡ್ತೀನ್ರಿ. ಇವು ಜಲ್ದಿ ಬೆಳಸಾಕ" ಎಂದಳು. ದಿನಕ್ಕೆ ಎಷ್ಟು ತಾಸು ಎಂದರೆ, ಬೆಳಗಿನಿಂದ ಕತ್ತಲಾಗುವ ತನಕ ಎಂದಳು. ಅಕ್ವೇರಿಯಂ ಇಟ್ಟವರು ಯಾರೂ ಹಾಗೆ ಹೇಳುವುದಿಲ್ಲ. ಹೇಳದೆ ಹಚ್ಚುತ್ತಾರೆ. ಅಂಗಡಿಯಲ್ಲಿದ್ದ ಗುಲಾಬಿ ಲೈಟುಗಳನ್ನೆಲ್ಲ ಕಟ್ಟಿಸಿಕೊಂಡಳು. ಟ್ಯಾಂಕಿನ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸು ಬಿಡುವ ಸಿಲಿಂಡರ್ ಎಲ್ಲಿ ತುಂಬಿಸಿಕೊಡುತ್ತಾರೆ ಎಂದೂ ಕೇಳಿ ಹೋದಳು.

ಸಾಮಾನು ಮುಟ್ಟಿಸಲು ನಾನೇ ಹೋದೆ. ಮೂರನೇ ಮಹಡಿ. ಬಾಗಿಲನ್ನು ಅರ್ಧ ತೆರೆದು, ಡಬ್ಬಿಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು, "ಜೋಡಿಸೂದು ನಂಗ ಬರ್ತದ್ರಿ" ಎಂದು ಮುಚ್ಚಿದಳು. ಒಳಗಿನಿಂದ ಹಸಿ ಮಣ್ಣಿನ, ಬೆಚ್ಚನೆಯ ವಾಸನೆ ಬಂತು. ಮನೆಗೆ ಬಂದು ಶಕುಂತಲೆಗೆ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತ ಕೇಳಿಸಿಕೊಂಡಳು.

"ಒಬ್ಬಾಕಿ ಹೆಣ್ಮಗಳು, ಮೀನಿಲ್ಲ, ಗುಲಾಬಿ ಲೈಟು. ಇನ್ನೊಂದ ಸಲ ಕರದ್ರ ಹೋಗಬ್ಯಾಡ್ರಿ ನೀವು."

ನನಗೂ ಹಾಗೇ ಅನ್ನಿಸಿತ್ತು. ಆಕೆ ಏನು ಬೆಳೆಯುತ್ತಿರಬಹುದು ಎಂದು ನನ್ನ ಮನಸ್ಸಿನಲ್ಲಿ ಬಂದ ಗಿಡದ ಹೆಸರನ್ನು ನಾನು ಹೆಂಡತಿಗೆ ಹೇಳಲಿಲ್ಲ.

ಆದರೆ ಕರೆ ಬಂತು, ನಾನು ಹೋದೆ. ಲೈಟಿಗೆ ಕರೆಂಟು ಕೊಡುವ ಡಬ್ಬಿಯೊಂದು ಹೊಗೆಯಾಡಿತ್ತು. ನಮ್ಮ ಅಂಗಡಿಯ ಸಾಮಾನಿನಿಂದ ಮನೆಗೆ ಬೆಂಕಿ ಬಿದ್ದರೆ ಗತಿಯೇನು ಎಂದು ಓಡಿದೆ. ಈ ಸಲ ಆಕೆಗೂ ಒಳಗೆ ಬಿಡದೆ ಉಪಾಯವಿರಲಿಲ್ಲ.

ಹೊರಕೋಣೆಯಲ್ಲಿ ಒಂದು ಕುರ್ಚಿ, ಸುತ್ತಿಟ್ಟ ಹಾಸಿಗೆ, ದೇವರ ಫೋಟೋ. ಒಳಕೋಣೆಯ ತುಂಬ ಕಬ್ಬಿಣದ ರ‍್ಯಾಕು. ಒಂದೊಂದು ಅಂತಸ್ತಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಟ್ರೇಗಳು, ಗಾಜಿನ ಭರಣಿಗಳು, ಮೇಲೆ ನಮ್ಮ ಲೈಟು. ಕಿಟಕಿಗೆ ಎರಡು ಪದರದ ಪರದೆ. ಆ ಬೆಳಕಿನಲ್ಲಿ ನನ್ನ ಕೈ ಕೂಡ ಬೇರೆ ಯಾರದೋ ಕೈಯಂತೆ ಕಂಡಿತು. ನಾನು ಡಬ್ಬಿ ಬದಲಿಸುವ ನೆಪದಲ್ಲಿ ಟ್ರೇಗಳ ಮೇಲೆ ಬಾಗಿ ನೋಡಿದೆ. ಎಲ್ಲವೂ ನಮ್ಮ ಗಿಡಗಳೇ. ಹಸಿ ಮಣ್ಣಿನಲ್ಲೂ ಬೆಳೆಯುವ, ಅಂಗಡಿಗಳಲ್ಲಿ ಕಟ್ಟು ಕಟ್ಟಿ ಮಾರುವ ನೀರಿನ ಗಿಡಗಳು. ನಾನು ಹೆದರಿದ್ದ ಗಿಡ ಅಲ್ಲಿ ಒಂದೂ ಇರಲಿಲ್ಲ.

ಮೂಲೆಯ ಟ್ಯಾಂಕಿನಲ್ಲಿ ಮಾತ್ರ ಸಣ್ಣೆಲೆಯ ಒಂದು ಗಿಡ ಗೊಂಚಲಾಗಿ ನಿಂತಿತ್ತು, ಕುಂಕುಮದ ಹಾಗೆ ಕೆಂಪಗೆ. ನಾನು ನಕ್ಕೆ.

"ಇದ ನೋಡ್ರಿ ಬಾಯಾರ, ನಾ ಹೇಳಿದ್ದು. ಲೈಟಿನ ಮೋಸ."

ಸುಮಿತ್ರಾಬಾಯಿ ಟ್ಯಾಂಕಿನ ಮೇಲಿನ ದೀಪ ತೋರಿಸಿದಳು. ಅದು ಗುಲಾಬಿಯದಲ್ಲ, ಮನೆಗೆ ಹಾಕುವ ಸಾಧಾರಣ ಬಿಳಿ ಬಲ್ಬು, ಅದೂ ಮಂದವಾದದ್ದು. ಆಮೇಲೆ ಒಂದು ಕಡ್ಡಿ ಕಿತ್ತು, ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿಟ್ಟು, ನನ್ನನ್ನು ಬಾಲ್ಕನಿಗೆ ಕರೆದೊಯ್ದಳು. ಮಧ್ಯಾಹ್ನದ ಬಿಸಿಲಿನಲ್ಲಿ ತಟ್ಟೆಯ ಗಿಡ ಹಾಗೇ ಕೆಂಪಾಗಿತ್ತು. ನಾನು ಎಲೆ ತಿರುಗಿಸಿ ನೋಡಿದೆ. ಕೆಳಗಿನ ಎಲೆಯೂ ಕೆಂಪು.

ಇದರ ಬೆಲೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಕೆಂಪು ಗಿಡಕ್ಕೆ ಜೋರು ಬೆಳಕು ಬೇಕು. ಜೋರು ಬೆಳಕು ಹಾಕಿದರೆ ಪಾಚಿ ಬರುತ್ತದೆ. ಪಾಚಿ ಬಾರದಂತೆ ನೋಡಿಕೊಳ್ಳಲು ಗ್ಯಾಸು, ಗೊಬ್ಬರ, ಕತ್ತರಿ ಎಲ್ಲ ಬೇಕು. ಬೆಳಕು ಕಡಿಮೆ ಮಾಡಿದರೆ ಗಿಡ ಹಸಿರಾಗಿಬಿಡುತ್ತದೆ. ನನ್ನ ಅರ್ಧ ಆಯುಷ್ಯ ಈ ಜಗ್ಗಾಟದಲ್ಲೇ ಹೋಗಿದೆ. ಮಂದ ಬೆಳಕಿನಲ್ಲಿ ತಾನಾಗಿ ಕೆಂಪಗೆ ನಿಲ್ಲುವ ಗಿಡವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಕೆ ಹಿಂದೆ ಪುಣೆಯ ಹತ್ತಿರದ ಶಿರೂರಿನ ಕಡೆ ಗಾಜಿನ ಭರಣಿಗಳಲ್ಲಿ ಬಾಳೆಯ ಸಸಿ ತಯಾರಿಸುವ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳಂತೆ. ಮೊದಲು ಭರಣಿ ತೊಳೆಯಲು, ಆಮೇಲೆ ಸಸಿ ಕತ್ತರಿಸಿ ಭರಣಿಗೆ ಹಾಕಲು. ಅವರು ಕೆಲವು ದಿನ ನೀರಿನ ಗಿಡವನ್ನೂ ಮಾಡಿ ನೋಡಿದರು. ಒಂದು ಭರಣಿಯಲ್ಲಿ ಎಲ್ಲವೂ ಹಸಿರು, ಒಂದೇ ಒಂದು ಕಡ್ಡಿ ಕೆಂಪು. ಮೇಲಿನ ಸಾಹೇಬ ಅದನ್ನು ನೋಡಿ ಕೆಟ್ಟಿದೆ, ಚೆಲ್ಲು ಎಂದ. ಆಕೆ ಚೆಲ್ಲದೆ ಊಟದ ಡಬ್ಬಿಯಲ್ಲಿ ಮನೆಗೆ ತಂದಳು. ಲ್ಯಾಬು ಮುಚ್ಚಿತು. ಗಂಡನ ಸುದ್ದಿ ಆಕೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮಾಮೂಲಿ ಗಿಡಗಳನ್ನು ಬೆಳೆದು ಕೊರಿಯರ್‌ನಲ್ಲಿ ಕಳಿಸಿ ಮನೆ ನಡೆಸುತ್ತಿದ್ದಳು. ಕೆಂಪು ಗಿಡವನ್ನು ಮಾತ್ರ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ್ರಿ ಅಣ್ಣಾರ. ಒಂದು ಕಡ್ಡಿ ಸಿಕ್ರ ಸಾಕು, ಯಾರ್ ಬೇಕಾದವರು ಬೆಳಸ್ಕೋತಾರ. ಸಾಕಷ್ಟು ಮಾಡ್ಕೊಂಡು ಒಮ್ಮೆಲೆ ಮಾರಾಕ ತೆಗೀಬೇಕಂತ ಮಾಡೀನಿ. ಆಮ್ಯಾಲೆ ಮಂದಿ ಬೆಳದ್ರ ಬೆಳೀಲಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಂಡೆ ಕೂಡ. ಓದುವವರು ಇದನ್ನು ನಂಬುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಸುಮಿತ್ರಾಬಾಯಿ ಬಾಡಿಗೆಗಿದ್ದ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಅಭ್ಯಂಕರ ಎಂಬವರು ನಮ್ಮ ಅಂಗಡಿಗೆ ಬಂದರು. ಸರ್ಕಾರಿ ಕಚೇರಿಯಿಂದ ನಿವೃತ್ತರಾದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಫೋನು ತೆಗೆದು ಒಂದು ಫೋಟೋ ತೋರಿಸಿದರು. ಸಂಜೆಗತ್ತಲಲ್ಲಿ ಕಟ್ಟಡದ ಹಿಂಬದಿ. ಎಲ್ಲ ಕಿಟಕಿಗಳಲ್ಲೂ ಹಳದಿ ಬೆಳಕು. ಮೂರನೇ ಮಹಡಿಯ ಒಂದು ಕಿಟಕಿಯ ಪರದೆಯ ಅಂಚಿನಿಂದ ಮಾತ್ರ ಗುಲಾಬಿ ಗೆರೆ.

"ಕಸದಾಗ ನಿಮ್ಮ ಅಂಗಡಿ ಡಬ್ಬಿ ಸಿಕ್ತು. ಈ ಲೈಟ್ ಕೆಳಗ ಏನ್ ಬೆಳೀತದ?"

"ಗಿಡ ಬೆಳೀತಾವ್ರಿ."

"ಯಾವ ಗಿಡ?"

ಖರೆ ಉತ್ತರ ಹೇಳಬೇಕೆಂದರೆ, ಆ ಲೈಟಿನ ಕೆಳಗೆ ಯಾವ ಗಿಡ ಬೇಕಾದರೂ ಬೆಳೆಯುತ್ತದೆ. ನಾನು ಫೋಟೋದ ಮೇಲೆ ಮತ್ತೆ ಕಣ್ಣಾಡಿಸಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ಇಳಿಸಿದರು. ಸೊಸೈಟಿಯಲ್ಲಿ ಎರಡು ಗುಂಪಾಗಿದೆಯಂತೆ. ಒಂದು ಗುಂಪಿಗೆ ಅದು ಗಾಂಜಾ ಎಂದು ಖಾತ್ರಿ. ಸಿಲಿಂಡರ್ ಹೋಗುತ್ತದೆ, ಪಾರ್ಸಲ್ ಹೊರಗೆ ಬರುತ್ತದೆ, ಯಾರನ್ನೂ ಒಳಗೆ ಬಿಡುವುದಿಲ್ಲ. ಇನ್ನೊಂದು ಗುಂಪಿನ ಸಂಶಯ ಬೇರೆ. ಒಂಟಿ ಹೆಂಗಸು, ಬಣ್ಣದ ದೀಪ, ಹೊತ್ತು ಹೊತ್ತಿಗೆ ಬೈಕಿನ ಮೇಲೆ ಬರುವ ಗಂಡಸರು.

"ಅವರು ಕೊರಿಯರ್‌ದವರ‍್ರಿ" ಎಂದೆ.

"ನಿಮಗ ಹ್ಯಾಂಗ ಗೊತ್ತು?"

"ನಾ ನೋಡೀನ್ರಿ. ನೀರಿನ ಗಿಡ ಬೆಳಸ್ತಾರ."

"ನೀವು ಒಳಗ ಹೋಗಿದ್ರಿ?" ಅವರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಒಬ್ಬರ? ಎಷ್ಟು ಸಲ?"

ಆ ಕ್ಷಣದಿಂದ ನನ್ನ ಮಾತಿಗೆ ಬೆಲೆ ಹೋಯಿತು. ನಾನು ಲೈಟು ಮಾರಿದವನು, ಆಕೆಯ ಭಾಷೆಯವನು, ಆಕೆಯ ಮನೆಯೊಳಗೆ ಹೋಗಿಬಂದವನು. ಏನು ಹೇಳಿದರೂ ಆಕೆಯ ಕಡೆಯವನೇ. ಪೊಲೀಸ್ ಚೌಕಿಗೆ ಹೇಳಿ ಆಗಿದೆ, ಮನೆ ಮಾಲಕರಿಗೂ ಫೋನು ಹೋಗಿದೆ, ಬಾಡಿಗೆಯವಳನ್ನು ಬಿಡಿಸುತ್ತಾರೆ ಎಂದು ಹೇಳಿ ಅಭ್ಯಂಕರರು ಎದ್ದು ಹೋದರು.

ನಾನು ಶೇಟ್ ಬಳಿ ಹೋದೆ. ನೀರಿನ ಗಿಡದ ವಿಷಯದಲ್ಲಿ ಅವರ ಮಾತನ್ನು ಪುಣೆಯಲ್ಲಿ ಯಾರೂ ತೆಗೆದುಹಾಕುವುದಿಲ್ಲ. ಅಂಗಡಿಯ ಹೆಸರೂ ಇದರಲ್ಲಿ ಸಿಕ್ಕಿಕೊಳ್ಳುತ್ತದೆ, ನೀವೇ ಬಂದು ಒಂದು ಮಾತು ಹೇಳಿ ಎಂದೆ. ಕೆಂಪು ಗಿಡದ ಸುದ್ದಿ ಎತ್ತಲಿಲ್ಲ. ಅವರು ಒಂದು ಮಾತೂ ಕೇಳದೆ ಬರುತ್ತೇನೆ ಎಂದರು. ಎಂದೂ ಗಿರಾಕಿಗಳ ಮನೆಗೆ ಹೋಗದ ಶೇಟ್ ಇಷ್ಟು ಬೇಗ ಒಪ್ಪಿದ್ದು ಆಗ ನನಗೆ ದೊಡ್ಡತನವಾಗಿ ಕಂಡಿತು.

ಮರುದಿನ ಬೆಳಿಗ್ಗೆ ಸುಮಿತ್ರಾಬಾಯಿಯ ಹೊರಕೋಣೆಯಲ್ಲಿ ಅಭ್ಯಂಕರರು, ಸೊಸೈಟಿ ಕಮಿಟಿಯ ಇಬ್ಬರು ಮೂವರು, ಒಬ್ಬ ಕಾನ್‌ಸ್ಟೇಬಲ್, ಶೇಟ್ ಮತ್ತು ನಾನು. ಶೇಟ್ ಬರುತ್ತಾರೆ ಎಂದು ನಾನು ಅಭ್ಯಂಕರರಿಗೂ ಸುಮಿತ್ರಾಬಾಯಿಗೂ ಮೊದಲೇ ಫೋನು ಮಾಡಿ ಹೇಳಿದ್ದೆ. ಆಕೆ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಣ್ಣಾರ, ಇಷ್ಟ್ ಮಂದಿ ಯಾಕ್ರಿ?" ಎಂದು ಕನ್ನಡದಲ್ಲಿ ಕೇಳಿದಳು. "ನೋಡಿ ಹೋಗ್ತಾರ, ಬಿಡ್ರಿ. ಶೇಟ್ ಇದ್ದಾರ, ಚಿಂತಿ ಇಲ್ಲ" ಎಂದೆ. ನಾವು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅಭ್ಯಂಕರರು ಕಾನ್‌ಸ್ಟೇಬಲ್ ಕಡೆ ನೋಡಿದರು.

ಒಳಗೆ ಹೋದ ಕೂಡಲೇ ಶೇಟ್ ಮುಂದಾದರು. ಗುಲಾಬಿ ಲೈಟುಗಳನ್ನು ಆರಿಸಿ ಪರದೆ ಸರಿಸಲು ಹೇಳಿದರು. ಹಗಲಿನ ಬೆಳಕು ಬಿದ್ದೊಡನೆ ಕೋಣೆಯೇ ಬೇರೆಯಾಯಿತು. ಕಪ್ಪಾಗಿ ಕಾಣುತ್ತಿದ್ದುದೆಲ್ಲ ಎಳೆ ಹಸಿರು. ಶೇಟ್ ಒಂದೊಂದು ಟ್ರೇ ತೋರಿಸಿ ಇದು ಇಂಥ ಗಿಡ, ಇದನ್ನು ಮೀನಿನ ಟ್ಯಾಂಕಿನಲ್ಲಿ ಮುಂದೆ ನೆಡುತ್ತಾರೆ, ಇದನ್ನು ಹಿಂದೆ ನೆಡುತ್ತಾರೆ ಎಂದು ಮೇಷ್ಟ್ರ ಹಾಗೆ ಹೇಳುತ್ತ ಹೋದರು. ಕಾನ್‌ಸ್ಟೇಬಲ್‌ನಿಗೆ ಬೇಸರ ಬಂತು. ಆದರೆ ಕಮಿಟಿಯ ಒಬ್ಬರು, "ಆ ಮೂಲ್ಯಾಗಿನ ಕೆಂಪು ಏನು? ಅದು ಬ್ಯಾರೆ ಕಾಣ್ತದ" ಎಂದರು.

ಶೇಟ್ ಮೂಲೆಯ ಟ್ಯಾಂಕಿನ ಮುಂದೆ ಬಾಗಿದರು. ಟ್ಯಾಂಕಿನ ಮೇಲಿನ ಬಲ್ಬು ನೋಡಿದರು, ಗಿಡ ನೋಡಿದರು, ಮತ್ತೆ ಬಲ್ಬು ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ಒಂದು ಕಡ್ಡಿ ಕಿತ್ತರು.

"ಇದೂ ನೀರಿನ ಗಿಡಾನ. ಮೂಸಿ ನೋಡ್ರಿ. ಗಾಂಜಾದ ವಾಸನಿ ಬರ್ತದೇನು?"

ಅಭ್ಯಂಕರರು ಮೂಸಿದರು. ಪಕ್ಕದವರಿಗೆ ಕೊಟ್ಟರು. ಕಾನ್‌ಸ್ಟೇಬಲ್ ಮೂಸಿ, ಮೀನಿನ ವಾಸನೆ ಎಂದು ಮೂಗು ಒರೆಸಿಕೊಂಡ. ಎಲ್ಲರೂ ನಕ್ಕರು. ಸುಮಿತ್ರಾಬಾಯಿ ಮಾತ್ರ ನಗಲಿಲ್ಲ. ಆಕೆಯ ಕಣ್ಣು ಆ ಕಡ್ಡಿ ಕೈಯಿಂದ ಕೈಗೆ ಹೋಗುವುದನ್ನು ಹಿಂಬಾಲಿಸುತ್ತಿತ್ತು. ಅಷ್ಟರಲ್ಲಿ ಅಭ್ಯಂಕರರು ಏನೋ ಕೇಳಿದರು, ಆಕೆ ಅತ್ತ ತಿರುಗಿದಳು. ಕೊನೆಗೆ ಆ ಕಡ್ಡಿ ಯಾರ ಕೈಯಲ್ಲಿ ಉಳಿಯಿತು ಎಂದು ನಾನೂ ನೋಡಲಿಲ್ಲ. ಗಂಡಾಂತರ ಕಳೆಯಿತಲ್ಲ ಎಂಬ ಹಗುರದಲ್ಲಿದ್ದೆ.

ಸೊಸೈಟಿಯವರು ಮೆತ್ತಗಾದರು. ಕಿಟಕಿಗೆ ದಪ್ಪ ಪರದೆ ಹಾಕಬೇಕು, ಕೊರಿಯರ್‌ದವರು ಕೆಳಗೇ ನಿಲ್ಲಬೇಕು ಎಂಬ ಎರಡು ಕರಾರಿನ ಮೇಲೆ ಮನೆ ಉಳಿಯಿತು. ಸುಮಿತ್ರಾಬಾಯಿ ಎಲ್ಲರಿಗೂ ಚಹಾ ಮಾಡಿದಳು. ಈ ಕೆಂಪು ಗಿಡ ಎಲ್ಲಿಯದು ಎಂದು ಶೇಟ್ ಚಹಾ ಕುಡಿಯುತ್ತ ಕೇಳಿದರು. ತನ್ನನ್ನು ಉಳಿಸಿದ ಹಿರಿಯರು ಎಂಬ ಗೌರವಕ್ಕೆ ಆಕೆ ಲ್ಯಾಬಿನ ಕಥೆಯನ್ನು ಅವರಿಗೂ ಹೇಳಿದಳು. ಹೊರಡುವಾಗ ಅವರ ಕಾಲಿಗೆ ನಮಸ್ಕಾರ ಮಾಡಿದಳು.

ಗಣಪತಿ ಹಬ್ಬ ಕಳೆಯಿತು, ದೀಪಾವಳಿಯೂ ಹೋಯಿತು. ಒಂದು ದಿನ ಅಭ್ಯಂಕರರು ಫೋನು ಮಾಡಿದರು. ಅಂದು ಆ ಗಿಡಗಳನ್ನು ನೋಡಿದ ಮೇಲೆ ಅವರಿಗೂ ಹುಚ್ಚು ಹತ್ತಿ ಮನೆಯಲ್ಲಿ ಟ್ಯಾಂಕು ಇಟ್ಟಿದ್ದರು. "ಕಾಕಾ, ಲೈಟ್ ಯಾವುದು ಹಾಕಬೇಕು, ಬಂದು ನೋಡಿ ಹೇಳ್ರಿ" ಎಂದರು. ಒಂದು ಕಾಲಕ್ಕೆ ನನ್ನನ್ನು ಕಳ್ಳನ ಹಾಗೆ ನೋಡಿದವರ ಬಾಯಲ್ಲಿ ಕಾಕಾ ಎಂಬ ಮಾತು ಬಂದದ್ದಕ್ಕೆ ಸಂತೋಷಪಟ್ಟುಕೊಂಡೇ ಹೋದೆ.

ಟ್ಯಾಂಕು ಹಜಾರದಲ್ಲಿತ್ತು. ಅಗ್ಗದ ಒಂದು ಲೈಟು, ಮಂದ ಬೆಳಕು. ಅದರ ಕೆಳಗೆ ನಡುಮಧ್ಯೆ ಸಣ್ಣೆಲೆಯ ಗೊಂಚಲು, ಕುಂಕುಮದ ಕೆಂಪು.

ಅಂದು ಕಡ್ಡಿ ಮೂಸಿದವರಲ್ಲಿ ಮೊದಲಿಗರು ಇವರೇ.

"ಈ ಗಿಡ ಎಲ್ಲಿಂದ ತಂದ್ರಿ?"

"ನಿಮ್ಮ ಅಂಗಡಿಯಿಂದನ. ನಿಮ್ಮ ಶೇಟ್ ಸ್ವತಃ ಕೊಟ್ರು. ಹಡಪಸರದಾಗ ಅವರ ಅಳಿಯಂದು ಶೆಡ್ ಅದಲ್ಲ, ಅಲ್ಲಿ ಬೆಳಸ್ಯಾರಂತ. ಈ ವಾರ ಎಲ್ಲಾ ಅಂಗಡಿಗೂ ಕಳಸ್ತಾರಂತ." ಅವರು ಹೆಮ್ಮೆಯಿಂದ ಗಾಜು ತಟ್ಟಿದರು. "ನಮ್ಮ ಬಿಲ್ಡಿಂಗ್‌ದಾಗ ಹುಟ್ಟಿದ ಗಿಡ ಇದು, ಕಾಕಾ."

ಅವರಿಗೆ ನಿಜವಾಗಿಯೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಲೈಟಿನ ಬಗ್ಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಅಲ್ಲಿಂದ ಸೀದಾ ಅಂಗಡಿಗೆ ಬಂದೆ.

ಶೇಟ್ ಮುಚ್ಚಿಡಲಿಲ್ಲ.

"ಅವತ್ತು ಆ ಕಡ್ಡಿ ಕೈಯಾಗ ಉಳದಿತ್ತು ಚನ್ನಪ್ಪ."

"ತಿರುಗಿ ನೀರಿಗೆ ಹಾಕಬೇಕಿತ್ರಿ."

"ಹಾಕಬೇಕಿತ್ತು." ಅವರು ಮೇಜಿನ ಮೇಲಿನ ಬಲೆಯನ್ನು ಎತ್ತಿ ಗೂಟಕ್ಕೆ ತೂಗುಹಾಕಿದರು. "ಆಕಿ ಲ್ಯಾಬಿನಿಂದ ತಂದಾಳ. ಲ್ಯಾಬಿನವರು ಎಲ್ಲಿಂದೋ ತಂದಾರ. ಗಿಡಕ್ಕ ಯಾರು ಮಾಲಕ? ಇವತ್ತ ನಾನು, ನಾಳೆ ಇನ್ನೊಬ್ಬ."

"ಆಕಿ ಕಾಯ್ಕೊಂಡು ಕುಂತಿದ್ರಿ, ಶೇಟ್."

"ನಾ ಬರದಿದ್ರ ಆಕೀನ್ನ ಅವತ್ತ ಮನಿ ಬಿಡಿಸ್ತಿದ್ರು. ಟ್ರೇ ಎಲ್ಲಾ ರಸ್ತೆಕ್ಕ ಬೀಳ್ತಿದ್ವು. ಅದನ್ನೂ ಲೆಕ್ಕಕ್ಕ ಹಿಡಿ."

ಅದು ಸುಳ್ಳಾಗಿರಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಮನುಷ್ಯ ಮತ್ತು ಎದುರಿಗಿದ್ದ ಮನುಷ್ಯ ಒಬ್ಬರೇ ಎಂದು ಒಪ್ಪಿಕೊಳ್ಳುವುದು ಕಷ್ಟವಾಯಿತು. ಆವತ್ತು ಮಾತಿಲ್ಲದೆ ಬರಲು ಒಪ್ಪಿದ್ದು ನನ್ನ ಮೇಲಿನ ವಿಶ್ವಾಸಕ್ಕೋ, ಯಾರನ್ನೂ ಒಳಗೆ ಬಿಡದ ಹೆಂಗಸಿನ ಕೋಣೆಯಲ್ಲಿ ಏನೋ ಇದ್ದೀತು ಎಂಬ ವಾಸನೆ ಹತ್ತಿದ್ದಕ್ಕೋ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಯಾವ ಉತ್ತರ ಕೊಟ್ಟಿದ್ದರೂ ನಾನು ನಂಬುತ್ತಿರಲಿಲ್ಲ. ಯುಗಾದಿಯ ತನಕ ಇರುತ್ತೇನೆ ಎಂದು ಮೊದಲು ಹೇಳಿದ್ದೆ. ಅಂಗಡಿಯ ಕೀಲಿಗಳನ್ನು ಅಂದೇ ಮೇಜಿನ ಮೇಲಿಟ್ಟೆ. ಅವರು ತಡೆಯಲಿಲ್ಲ. "ಶಕುಂತಲಾಬಾಯಿ ಆರೋಗ್ಯ ಹ್ಯಾಂಗದ?" ಎಂದು ಮಾತ್ರ ಕೇಳಿದರು.

ಮನೆಯಲ್ಲಿ ಶಕುಂತಲೆಗೆ ಎಲ್ಲ ಹೇಳಿದೆ. ಮೊದಲಿನಿಂದ ಸಂಶಯಪಟ್ಟಿದ್ದವಳು ಅವಳು. ಈಗ ಅವಳೇ, "ಬ್ಯಾರೆಯವರ ಬಾಯಿಂದ ಆಕಿಗೆ ಗೊತ್ತಾಗೂದಕ್ಕಿಂತ ಮೊದಲ ನೀವ ಹೋಗಿ ಹೇಳ್ರಿ" ಎಂದಳು.

ಮರುದಿನ ಕೋಥರೂಡಕ್ಕೆ ಹೋದೆ. ನಾನು ಹೇಳುವ ಮೊದಲೇ ಸುಮಿತ್ರಾಬಾಯಿಗೆ ಗೊತ್ತಾಗಿತ್ತು. ಆಕೆಯ ಗಿಡ ಕೊಳ್ಳುವ ಒಬ್ಬ ಗಿರಾಕಿ, ಇಂಥದ್ದು ನಿಮ್ಮ ಹತ್ತಿರ ಇದೆಯೇ ಎಂದು ಶೇಟ್‌ರ ಅಂಗಡಿಯ ಕೆಂಪು ಗಿಡದ ಫೋಟೋ ಕಳಿಸಿದ್ದನಂತೆ. ಕುರ್ಚಿ ನನಗೆ ಕೊಟ್ಟು ತಾನು ನೆಲದ ಮೇಲೆ ಕೂತಳು. ಒಳಕೋಣೆಯ ಬಾಗಿಲು ಹಾಕಿತ್ತು.

"ನಿಮ್ಮ ಶೇಟ್‌ಗೆ ಮೊದಲ ಗೊತ್ತಿತ್ತೇನ್ರಿ, ನನ್ನ ಹಂತ್ಯಾಕ ಈ ಗಿಡ ಅದಂತ?"

"ನಾ ಹೇಳಿಲ್ರಿ ಬಾಯಾರ. ನೀರಿನ ಗಿಡ ಅಂತಷ್ಟ ಹೇಳಿದ್ದೆ."

ಆಕೆ ತಲೆ ಆಡಿಸಿದಳು. ಅದು ಹೌದೆಂದೋ, ಇರಲಿ ಬಿಡಿ ಎಂದೋ ಗೊತ್ತಾಗಲಿಲ್ಲ. ಶೇಟ್‌ರನ್ನು ಕರೆತಂದವನು ನಾನು. ಗಿಡವನ್ನು ಮೊದಲು ಕಂಡವನು ನಾನು. ಆಕೆಯ ಜಾಗದಲ್ಲಿ ನಾನಿದ್ದರೆ ಈ ಚನ್ನಬಸಪ್ಪನನ್ನು ನಂಬುತ್ತಿದ್ದೆನೇ ಎಂದು ಕೂತಲ್ಲೇ ಲೆಕ್ಕ ಹಾಕಿದೆ. ನಂಬುತ್ತಿರಲಿಲ್ಲ.

"ಅವತ್ತ ಪೊಲೀಸ್ ಒಬ್ಬವನ ಬಂದಿದ್ರ ಚಲೋ ಇತ್ರಿ ಅಣ್ಣಾರ" ಎಂದಳು ಕೊನೆಗೆ. "ಅವನಿಗೆ ಗಿಡ ಬೇಕಾಗಿರಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ, ಚಹಾ ಮಾಡಿ ಕೊಟ್ಟಳು.

ಕೆಂಪು ಗಿಡ ಈಗ ಊರಿನ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಶೇಟ್ ಅದಕ್ಕೆ ತಮ್ಮ ಮೊಮ್ಮಗಳ ಹೆಸರಿಟ್ಟಿದ್ದಾರೆ. ಸುಮಿತ್ರಾಬಾಯಿ ತಾನು ಬೆಳೆಸಿಟ್ಟಿದ್ದನ್ನು ಸಿಕ್ಕ ಬೆಲೆಗೆ ಕೊಟ್ಟು, ರ‍್ಯಾಕುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಶಿರೂರಿಗೆ ಹೋದಳು. ಅಲ್ಲಿ ರಸ್ತೆಯ ಬದಿ ಒಂದು ಗೋದಾಮು ಹಿಡಿದಿದ್ದಾಳೆ. ಕಿಟಕಿಯೇ ಇಲ್ಲದ ಜಾಗ ಎಂದು ಕೇಳಿದ್ದೇನೆ. ನಾನು ನೋಡಿಲ್ಲ, ಆಕೆ ಕರೆದಿಲ್ಲ.

ಆದರೆ ತಿಂಗಳಿಗೆ ಒಮ್ಮೆಯಾದರೂ ಫೋನು ಮಾಡುತ್ತಾಳೆ. ಲೈಟನ್ನು ಎಷ್ಟು ಎತ್ತರಕ್ಕೆ ಕಟ್ಟಲಿ, ಎಷ್ಟು ತಾಸು ಬಿಡಲಿ, ಬಿಳಿಯದರ ಜೊತೆ ನೀಲಿ ಎಷ್ಟು ಕೂಡಿಸಲಿ ಎಂದು ಕೇಳುತ್ತಾಳೆ. ಈಚೆಗಂತೂ ನಾನು ಎಂದೂ ಯೋಚಿಸದಂಥ ಪ್ರಶ್ನೆಗಳನ್ನು ಕೇಳುತ್ತಿದ್ದಾಳೆ. ನನಗೆ ತಿಳಿದಷ್ಟು ಹೇಳುತ್ತೇನೆ, ತಿಳಿಯದ್ದನ್ನು ಮನೆಯ ಸಣ್ಣ ಟ್ಯಾಂಕಿನಲ್ಲಿ ಮಾಡಿ ನೋಡಿ ಹೇಳುತ್ತೇನೆ. ಯಾವ ಗಿಡಕ್ಕೆ ಎಂದು ಆಕೆ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.